ದಾರದ ಡಬ್ಬಿ

ಅಕ್ಕನ ಮನೆಯೊಳಗೆ ಕಾಲಿಟ್ಟವಳೇ ತಂಗಿ ತಲೆ ಚಚ್ಚಿಕೊಂಡಳು. ನಿನ್ನೆ ಎರಡು ಗಂಟೆ ಬೆವರು ಸುರಿಸಿ ಈ ಮನೆ ಬಡವರ ಮನೆಯಂತೆ ಕಾಣುವ ಹಾಗೆ ಮಾಡಿ ಹೋಗಿದ್ದಳು. ಪರದೆ ಕಿತ್ತಿದ್ದಳು, ಹರಕು ಹೊದಿಕೆಯನ್ನು ಮಂಚದ ಮೇಲೆ ಎದ್ದು ಕಾಣುವಂತೆ ಹರಡಿದ್ದಳು, ಹೊಲಿಗೆ ಯಂತ್ರದ ಪಕ್ಕದ ದಾರದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದ್ದಳು. ಈಗ ನೋಡಿದರೆ ಪರದೆ ಇಸ್ತ್ರಿಯಾಗಿ ತೂಗುತ್ತಿದೆ, ಹೊದಿಕೆ ನಾಪತ್ತೆ, ದಾರದ ರೀಲುಗಳು ಡಬ್ಬಿಯಲ್ಲಿ ಸಾಲಾಗಿ ಕೂತಿವೆ.

“ಏನಕ್ಕಾ ಇದು? ನಿಂಗೆ ಎಷ್ಟು ಸಲ ಬಡ್ಕೋಬೇಕು?”

“ಮನೆಗೆ ಯಾರೋ ಬರ್ತಾರೆ ಅಂದ್ರೆ ಹಾಗೇ ಬಿಡಕ್ಕಾಗುತ್ತೇನೇ?”

ಯಾರೋ ಅಂತೆ! ಬರುವವನು ದಿಕ್ಕಿಲ್ಲದ ಮುದುಕರಿಗೆ ತಿಂಗಳು ತಿಂಗಳು ದಿನಸಿ ಕೊಡುವ ಸಂಸ್ಥೆಯವನು. ಕಳೆದ ಸಲ ಬಂದಾಕೆ ಒಪ್ಪವಾದ ಮನೆ ನೋಡಿ, ‘ನೆರವಿನ ಅಗತ್ಯವಿಲ್ಲ’ ಎಂದು ಗೀಚಿ ಹೋಗಿದ್ದಳು. ಈ ಸಲವೂ ಕೈತಪ್ಪಿದರೆ ಇನ್ನೊಂದು ವರ್ಷ ಅರ್ಜಿ ಹಾಕುವಂತಿಲ್ಲ. ತನ್ನ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಅಕ್ಕ ಒಪ್ಪೊತ್ತು ಉಣ್ಣುತ್ತಿದ್ದಳು. ತಂಗಿಯೋ ಸೊಸೆಯ ಕೈ ನೋಡಿಕೊಂಡು ಬದುಕುವವಳು, ಎಷ್ಟು ದಿನ ಕದ್ದುಮುಚ್ಚಿ ತಂದುಕೊಟ್ಟಾಳು?

“ಊಟ ಆಯ್ತಾ ಅಂದ್ರೆ ಇಲ್ಲ ಅನ್ನು. ಕೆಲಸ ಮಾಡ್ತೀರಾ ಅಂದ್ರೆ ಆಗಲ್ಲ ಅನ್ನು. ಅಷ್ಟು ಮಾಡು ಸಾಕು ಮಾರಾಯ್ತಿ.”

ಅಕ್ಕ ಹೂಂಗುಟ್ಟಿದಳು.

ಸಂಸ್ಥೆಯವನು ಬಂದ, ಕೂತ, ಫಾರಂ ಬಿಡಿಸಿದ. “ಊಟ ಆಯ್ತಾಮ್ಮಾ?”

“ಹೊಟ್ಟೆ ತುಂಬ ಆಯ್ತಪ್ಪಾ.”

ತಂಗಿ ಹಲ್ಲು ಕಡಿದಳು.

“ಹೊಲಿಗೆ ಈಗ್ಲೂ ಮಾಡ್ತೀರಾ?”

“ಐವತ್ತು ವರ್ಷದ ಕೈ, ಸುಮ್ನಿರು ಅಂದ್ರೆ ಇರುತ್ತಾ?”

ಮುಗಿಯಿತು ಕಥೆ. ಅವನು ಅದನ್ನೇ ಬರೆದುಕೊಂಡ. ಸಹಿಗೆಂದು ಫಾರಂ ಚಾಚಿದಾಗ ಅಕ್ಕನ ಬೆರಳಿಗೆ ಅವನ ಅಂಗಿತೋಳಿನ ತುದಿಯಲ್ಲಿ ಜೋತಾಡುತ್ತಿದ್ದ ಗುಂಡಿ ಸಿಕ್ಕಿತು. ಸಹಿ ಅಲ್ಲೇ ನಿಂತಿತು.

“ನನ್ನ ಹೊಸಿಲು ದಾಟಿ ಯಾರೂ ಹೀಗೆ ಜೋತುಬಿದ್ದ ಗುಂಡಿ ಹೊತ್ಕೊಂಡು ಹೋಗಿಲ್ಲ. ಕೈ ಕೊಡು. ಇದನ್ನ ಬಿಳಿ ಅಂತೀಯೋ, ತಿಳಿನೀಲಿ ಅಂತೀಯೋ?”

“ಬಿಳೀನೇ ಅಮ್ಮಾ.”

ದರ್ಜಿಯ ಜಂಬ ಬೇರೆ ಕೇಡು! ತಂಗಿ ಮುಖ ತಿರುಗಿಸಿ ಕಿಟಕಿಯತ್ತ ನಿಂತುಬಿಟ್ಟಳು. ಹಿಂದೆ ಅಕ್ಕ ಡಬ್ಬಿಯಿಂದ ರೀಲು ತೆಗೆದ ಸದ್ದು, ಆಮೇಲೆ ಅವಳ ದನಿ ಕೇಳಿಸಿತು. “ಸೂಜಿ ನೀನೇ ಪೋಣಿಸಿಕೊಡು, ಚಿಕ್ಕ ಕಣ್ಣಿಂದು.” ಕೊನೆಗೆ ದಾರ ಕಡಿದ ಸದ್ದು.

“ನೋಡು, ಬಣ್ಣಕ್ಕೆ ಬಣ್ಣ ಕೂತಿದೆ. ಗುಂಡಿ ಕಿತ್ತಿತ್ತು ಅಂತ ಯಾರಿಗೂ ಗೊತ್ತಾಗಲ್ಲ.”

ತಂಗಿ ತಿರುಗಿ ನೋಡಿದಳು. ಹೊಲಿಗೆಯೇನೋ ಅಚ್ಚುಕಟ್ಟು. ಬಿಳಿ ತೋಳಿನ ಮೇಲೆ ದಾರ ಮಾತ್ರ ಕೆಂಪು.

“ಗೊತ್ತೇ ಆಗಲ್ಲಮ್ಮಾ,” ಅಂದ ಅವನು. ಫಾರಂನಲ್ಲಿ ಬರೆದಿದ್ದ ಒಂದು ಸಾಲು ಹೊಡೆದುಹಾಕಿ, ಬೇರೆ ಬರೆದು, ಸಹಿ ಮಾಡುವ ಜಾಗಕ್ಕೆ ಅವಳ ಕೈ ಹಿಡಿದು ತಂದಿಟ್ಟ. ಹೊರಡುವಾಗ ಬಾಗಿಲಲ್ಲಿ ತಂಗಿಗೆ ಮೆಲ್ಲಗೆ ಹೇಳಿದ: “ಮುಂದಿನ ತಿಂಗಳಿಂದ ದಿನಸಿ ಬರುತ್ತೆ. ಅದಕ್ಕೂ ಮುಂಚೆ ಕಣ್ಣಿನ ಡಾಕ್ಟರಿಗೆ ತೋರಿಸೋಣ.”

ತಂಗಿ ಒಳಗೆ ಬಂದಳು. ಗೆದ್ದ ಖುಷಿ ಎಲ್ಲಿ ಬಂತು, ಮೈಯೆಲ್ಲ ಉರಿಯುತ್ತಿತ್ತು.

“ಎಷ್ಟು ದಿನದಿಂದ ಕಾಣ್ತಿಲ್ಲ?”

ಅಕ್ಕನಿಗೆ ಅರ್ಥವಾಯಿತು. “ಯಾವ ದಾರ ಎಲ್ಲಿದೆ ಅಂತ ಕೈಗೆ ಗೊತ್ತಿತ್ತು ಕಣೇ. ನೀನು ಡಬ್ಬಿ ಚೆಲ್ಲದೇ ಇದ್ದಿದ್ರೆ ಚೆನ್ನಾಗೇ ಕಾಣ್ತಿತ್ತು,” ಅಂದಳು.

“ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಸತ್ತಿದ್ನಾ?”

“ಹೇಳಿದ್ರೆ ನೀನು ಅದನ್ನೂ ಅರ್ಜಿಯಲ್ಲಿ ಬರೀತಿದ್ದೆ.”

ಬರೆಯುತ್ತಿದ್ದಳು, ಹೌದು. ಮೊದಲ ಸಾಲಿನಲ್ಲೇ ಬರೆಯುತ್ತಿದ್ದಳು. ತಂಗಿ ನೆಲದ ಮೇಲೆ ಧೊಪ್ಪನೆ ಕೂತು ಡಬ್ಬಿಯನ್ನು ಎಳೆದುಕೊಂಡಳು. ರೀಲುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು ಮೂಗೊರೆಸಿಕೊಂಡಳು.

“ಬಿಳಿ ಎಲ್ಲಿಡ್ಬೇಕು, ಬೇಗ ಬೊಗಳು,” ಎಂದು ಗದರಿದಳು.

“ಬಲಮೂಲೆ,” ಅಂದಳು ಅಕ್ಕ.