ಜೋಡಿ ಊಟ

ಪ್ರೊಫೆಸರ್ ತಮ್ಮನ ಬಗ್ಗೆ ಅಕ್ಕನಿಗೆ ಬಲು ಹೆಮ್ಮೆ ಇರಬೇಕೆಂದು ಜನ ತಾವಾಗಿಯೇ ತೀರ್ಮಾನಿಸಿಬಿಟ್ಟಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, "ಬುದ್ಧಿವಂತನೇ, ಇಲಿಗಳ ವಿಷಯದಲ್ಲಿ" ಎಂದಷ್ಟೇ ಹೇಳುತ್ತಿದ್ದಳು.

ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿದ್ದ ಇಲಿಗಳ ಕೋಣೆಯನ್ನು ಅವಳು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಎಲ್ಲರೂ ಅವಳನ್ನು ಇಲಿಯಕ್ಕ ಎಂದೇ ಕರೆಯುತ್ತಿದ್ದರು. ತಮ್ಮ ಬಂದದ್ದು ಆರು ವರ್ಷದ ಹಿಂದೆ, ಅದೂ ನೇರ ಮೇಲಿನ ಮಹಡಿಗೆ. ಎಷ್ಟು ತಿಂದರೂ ಮೈಗೆ ಹತ್ತದ ಅವನನ್ನು ಅವಳು ಚಿಕ್ಕಂದಿನಿಂದ ಕಡ್ಡಿ ಎನ್ನುತ್ತಿದ್ದಳು. ಈಗಲೂ ಅಷ್ಟೇ, ಅವನ ವಿದ್ಯಾರ್ಥಿಗಳ ಎದುರಿಗೂ ಅಷ್ಟೇ.

ಕಡ್ಡಿಯ ಸಂಶೋಧನೆಯೆಲ್ಲ ಯಕೃತ್ತಿನ ಸುತ್ತ. ತಿಂದ ಕೊಬ್ಬು ಯಕೃತ್ತಿನ ಕೋಶವನ್ನು ಹೊಕ್ಕ ಮೇಲೆ ತಾನಾಗಿ ಓಡಾಡಲಾರದು, ಒಳಗೆ ಬಹುಪಾಲು ನೀರು, ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಅದನ್ನು ಹೊತ್ತು, ಸುಡುವ ಕಡೆಗೋ ಕೂಡಿಡುವ ಕಡೆಗೋ ಮುಟ್ಟಿಸಲು ಹಮಾಲಿಯಂಥ ಒಂದು ಪ್ರೋಟೀನು ಇದೆ. ಆ ಹಮಾಲಿ ಹುಟ್ಟಿನಿಂದಲೇ ಇಲ್ಲದ ಇಲಿಗಳನ್ನು ಅವನು ಸಾಕಿದ್ದ. ಸಾಕಿದ್ದ ಅನ್ನುವುದು ಭಾಷಣದ ಮಾತು, ಸಾಕಿದವಳು ಅಕ್ಕ. ಕೊಬ್ಬಿನ ಮೇವು ಹಾಕಿದಾಗ ಹಮಾಲಿ ಇದ್ದ ಇಲಿ ಊದಿಕೊಂಡಿತು, ಇಲ್ಲದ ಇಲಿ ತೆಳ್ಳಗೇ ಉಳಿಯಿತು. ದಪ್ಪಗಿನದು ಹೆಚ್ಚು ತಿಂದಿರಬೇಕು ಎಂದು ಯಾರೂ ಬೊಟ್ಟು ಮಾಡಬಾರದೆಂದು ಜೋಡಿ ಊಟದ ಕ್ರಮ ಇತ್ತು. ತೆಳ್ಳಗಿನ ಇಲಿ ನಿನ್ನೆ ಎಷ್ಟು ತಿಂದಿತೋ, ಅದರ ಜೋಡಿಯಾದ ದಪ್ಪ ಇಲಿಗೆ ಇವತ್ತು ಅಷ್ಟೇ, ಒಂದು ಚೂರೂ ಹೆಚ್ಚಿಲ್ಲ. ಹಾಗೆ ತೂಗಿ ಕೊಟ್ಟರೂ ದಪ್ಪಗಿನದು ದಪ್ಪಗೇ ಆಯಿತು. "ಇದರಲ್ಲಿ ಇಲಿಯ ತಪ್ಪು ಏನೂ ಇಲ್ಲ" ಎಂದು ಕಡ್ಡಿ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ.

ಇಬ್ಬರೂ ಒಟ್ಟಿಗಿದ್ದ ಮೂರನೆಯ ಮಹಡಿಯ ಮನೆಗೆ ಬಂದರೆ ಇದೇ ಮಹಾನುಭಾವ ಅಕ್ಕನ ತಟ್ಟೆ ಇಣುಕಿ, "ಅಕ್ಕ, ಸ್ವಲ್ಪ ಬಾಯಿ ಕಟ್ಟು" ಎನ್ನುತ್ತಿದ್ದ. ಇಲಿಗಾದರೆ ಪ್ರೋಟೀನು, ಅಕ್ಕನಿಗಾದರೆ ಬಾಯಿಚಪಲ. ಅಷ್ಟು ಓದಿದ ತಲೆ ಮೂರು ಮಹಡಿ ಹತ್ತುವಷ್ಟರಲ್ಲಿ ಎಲ್ಲಿ ಖಾಲಿಯಾಗುತ್ತದೋ, ಅವಳಿಗಂತೂ ಅರ್ಥವಾಗಿರಲಿಲ್ಲ.

ಆ ಮೂರು ಮಹಡಿಯೇ ಅವಳ ಪಾಲಿನ ಶತ್ರು. ಎರಡೂ ಮೊಣಕಾಲು ಸವೆದಿದ್ದವು. ಮೆಟ್ಟಿಲ ಮೇಲೆ ಎರಡು ಕಡೆ ಕೂತು ಏಳಬೇಕಾಗಿತ್ತು. ಹೀಗೇ ಬಿಟ್ಟರೆ ಒಂದೇ ವರ್ಷದಲ್ಲಿ ನಡಿಗೆ ನಿಲ್ಲುತ್ತದೆ ಎಂದಿದ್ದ ಮೂಳೆ ಡಾಕ್ಟರು, ಪಥ್ಯ ಮಾಡಿಯೂ ತೂಕ ಇಳಿಯದಿದ್ದರೆ ಆಪರೇಷನ್ ಮಾಡಿಯೇಬಿಡೋಣ ಎಂದು ದಿನಾಂಕವನ್ನೂ ಕೊಟ್ಟಿದ್ದರು. ಆದರೆ ಈ ಸಲ ಹೋದಾಗ ದಿನಾಂಕದ ಮೇಲೆ ಗೀಟು ಬಿದ್ದಿತ್ತು. ಫೈಲಿನಲ್ಲಿ ಒಂದು ಚೀಟಿ: "ಹೇಳಿದ ಪಥ್ಯ ಮಾಡುವುದಿಲ್ಲ." ಡಾಕ್ಟರು ಮನೆಯವರನ್ನು ವಿಚಾರಿಸಿದ್ದರಂತೆ. ಅಕ್ಷರ ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಆ ಅಕ್ಷರ ತಿದ್ದಿಸಿದವಳು ಅವಳೇ.

ಮಾರನೆಯ ಬೆಳಿಗ್ಗೆ, ಪಂಜರಗಳ ನಡುವೆ ನಾಲ್ಕು ವಿದ್ಯಾರ್ಥಿಗಳು ನಿಂತಿದ್ದಾಗಲೇ ಅವಳು ಕೇಳಿದಳು.

"ಕಡ್ಡಿ, ನಾನು ಕದ್ದು ತಿನ್ನೋದನ್ನ ನೀನು ನೋಡಿದ್ದೀಯಾ?"

"ನೋಡಬೇಕಾ ಅಕ್ಕ? ಮೈ ನೋಡಿದ್ರೆ ಗೊತ್ತಾಗಲ್ವಾ?"

"ಸರಿ. ಇಲಿಗೆ ಮಾಡೋದನ್ನ ನಮಗೂ ಮಾಡೋಣ. ನನ್ನ ಊಟ ತೂಗಿಸು, ನಾನು ನಿನ್ನೆ ತಿಂದಷ್ಟೇ ನೀನು ಇವತ್ತು ತಿನ್ನು. ಮೂರು ವಾರ. ನನ್ನ ತೂಕ ಇಳಿದ್ರೆ ಮೊಣಕಾಲಿನ ಸುದ್ದಿ ಮತ್ತೆ ಎತ್ತಲ್ಲ. ಇಳೀದಿದ್ರೆ ಆ ಚೀಟಿ ಹರಿದು ಬೇರೆ ಬರೀಬೇಕು."

ವಿದ್ಯಾರ್ಥಿಗಳ ಮುಂದೆ ಹಿಂದೆ ಸರಿಯುವುದು ಹೇಗೆ? ಅಲ್ಲದೆ, ಅಕ್ಕ ಮೂರೇ ದಿನದಲ್ಲಿ ಸಿಕ್ಕಿಬೀಳುತ್ತಾಳೆ ಎಂಬ ಧೈರ್ಯವೂ ಅವನಿಗಿತ್ತು. "ಆಯ್ತು" ಎಂದು ನಕ್ಕ. ನಗಲಿ ಪಾಪ, ಹೊಟ್ಟೆ ತುಂಬಿದ ನಗು ಅದು.

ತೂಗುವ ಕೆಲಸ ಅವನ ಹೆಂಡತಿಗೆ ಬಿತ್ತು. ಆ ನಾದಿನಿ ಗಂಡನಿಗೂ ರಿಯಾಯಿತಿ ತೋರಿಸುವವಳಲ್ಲ. ಅಕ್ಕನ ಇಡೀ ದಿನದ ಪಥ್ಯ ಇಷ್ಟು: ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ, ಬೇಯಿಸಿದ ತರಕಾರಿ, ಅಂಗೈಯಗಲ ಅನ್ನ, ಒಂದು ಸೇಬು. ಮೊದಲ ದಿನ ಕಡ್ಡಿ ತಟ್ಟೆ ನೋಡಿ, "ಉಳಿದದ್ದು ಎಲ್ಲಿ?" ಎಂದ. ನಾಲ್ಕನೆಯ ದಿನ ಅವನ ಮಾತು ಕಡಿಮೆಯಾಯಿತು. ಆರನೆಯ ದಿನ ವಿದ್ಯಾರ್ಥಿಗಳ ಮೇಲೆ ಹರಿಹಾಯ್ದ. ಎಂಟನೆಯ ದಿನ ನಾದಿನಿ ಇಬ್ಬರನ್ನೂ ತೂಕದ ಯಂತ್ರ ಹತ್ತಿಸಿ ನೋಡಿದಾಗ ಅವನು ಎರಡೂವರೆ ಕಿಲೋ ಇಳಿದಿದ್ದ. ಅಕ್ಕ ಮುಕ್ಕಾಲು ಕಿಲೋ ಕೂಡ ಇಳಿದಿರಲಿಲ್ಲ.

"ಯಂತ್ರ ಸರಿಯಿಲ್ಲ" ಎಂದ ಪ್ರೊಫೆಸರ್. ಇಂಥ ವಿದ್ವಾಂಸರನ್ನು ಇಲಿಗಳೂ ಕ್ಷಮಿಸಲಾರವು.

ಹತ್ತನೆಯ ದಿನ ಬೆಳಿಗ್ಗೆ ಅಕ್ಕ ಇಲಿಗಳ ಫ್ರಿಜ್ಜು ತೆಗೆದು ಕೊಬ್ಬಿನ ಮೇವಿನ ಡಬ್ಬಿ ತೂಗಿದಳು. ಅರವತ್ತೆಂಟು ಗ್ರಾಂ ಕಡಿಮೆ. ಮತ್ತೊಮ್ಮೆ ತೂಗಿದಳು, ಅಷ್ಟೇ. ಹಂದಿ ಕೊಬ್ಬಿಗೆ ಸಕ್ಕರೆ ಕಲಸಿ ಮಾಡಿದ ಮೆತ್ತನೆಯ ಉಂಡೆಗಳು ಅವು. ಬೇರೆ ಮೇವಿನ ಜೊತೆ ಬೆರೆಯದಿರಲೆಂದು ಗಾಢ ನೀಲಿ ಬಣ್ಣ ಹಾಕಿರುತ್ತಾರೆ. ಮುಟ್ಟಿದರೆ ಬೆರಳಿಗೂ ಅಂಟುತ್ತದೆ.

ಮೇವು ಕಡಿಮೆ ಬಂದರೆ ಮೇಲಿನವರಿಗೆ ತಿಳಿಸಬೇಕೆಂಬುದು ಕೋಣೆಯ ನಿಯಮ. ಅವಳು ಫೋನು ಮಾಡಿದಳು. ಕಡ್ಡಿ ಇಳಿದು ಬಂದ, ಕೈ ಎರಡೂ ಜೇಬಿನಲ್ಲಿ.

"ಅರವತ್ತೆಂಟು ಗ್ರಾಂ ಕಮ್ಮಿ ಇದೆ" ಎಂದಳು ಅಕ್ಕ.

"ನೀನೇ..." ಎಂದು ಅವನು ಬಾಯಿ ತೆರೆದ, ಅಷ್ಟು ಸಾಕಾಯಿತು. ಹಲ್ಲು ನೀಲಿ, ನಾಲಿಗೆ ನೀಲಿ.

ಅಕ್ಕ ನಗಲಿಲ್ಲ. ಅಷ್ಟು ವರ್ಷ ಕಾದಿಟ್ಟ ತಿರಸ್ಕಾರವನ್ನು ಒಂದು ನಗುವಿನಲ್ಲಿ ಖರ್ಚು ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಅವನ ಬಾಯನ್ನೇ ನೋಡುತ್ತ ನಿಂತಳು. ಅವನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡ, ಕೈಯೂ ನೀಲಿ.

"ಹೊಟ್ಟೆ ತಾಳ ಹಾಕ್ತಿತ್ತು ಅಕ್ಕ. ತಲೆನೇ ಓಡ್ತಿರಲಿಲ್ಲ. ನಿನಗಾದ್ರೆ ಅಭ್ಯಾಸ ಆಗಿದೆ. ನನಗೆ ಆಗಲ್ಲ."

"ಅಭ್ಯಾಸ ಎಂಥದ್ದೋ?" ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. "ನನಗೂ ಹಸಿವಾಗುತ್ತೆ ಕಣೋ. ದಿನಾ ಆಗುತ್ತೆ. ಆ ಹಸಿವು ಹೊತ್ಕೊಂಡೇ ಹತ್ತೊಂಬತ್ತು ವರ್ಷ ಇಲ್ಲಿನ ಮೇವು ತೂಗಿದ್ದೀನಿ. ಒಂದು ಗ್ರಾಂ ಕಮ್ಮಿ ಬಂದಿದೆಯಾ, ನೀನೇ ನೋಡು."

ಮೇವಿನ ಪುಸ್ತಕವನ್ನು ಅವನ ಮುಂದೆ ತೆರೆದಿಟ್ಟಳು. ಅವನು ಪುಟ ತಿರುವಲಿಲ್ಲ. ತಿರುವಿದ್ದರೂ ಏನೂ ಸಿಗುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಈ ಹೆಂಗಸಿಗೆ ಹಸಿವಾಗಬಹುದೆಂದು ಅವನಿಗೆ ಈವರೆಗೆ ಒಮ್ಮೆಯೂ ಹೊಳೆದಿರಲಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತಿತ್ತು.

"ಕಮ್ಮಿ ಬಂದದ್ದಕ್ಕೆ ಕಾರಣ ಬರೀಬೇಕು. ಆಮೇಲೆ ಡಾಕ್ಟರಿಗೆ ಹೊಸ ಚೀಟಿ" ಎಂದು ಪೆನ್ನು ಕೊಟ್ಟಳು.

ಕಾರಣದ ಜಾಗದಲ್ಲಿ ಅವನು ಪೆನ್ನು ಊರಿದ. "ಹಸಿವು" ಎಂದು ಬರೆದು ಸಹಿ ಹಾಕಿದ. ಡಾಕ್ಟರ ಚೀಟಿಯಲ್ಲಿ "ಹೇಳಿದ ಪಥ್ಯವನ್ನು ಚಾಚೂ ತಪ್ಪದೆ ಮಾಡುತ್ತಾರೆ, ನಾನೇ ಮಾಡಿ ನೋಡಿದ್ದೇನೆ" ಎಂದು ಬರೆದ. ಅಂಚಿನಲ್ಲಿ ನೀಲಿ ಹೆಬ್ಬೆಟ್ಟು ಬಿತ್ತು.

ಅಕ್ಕ ಚೀಟಿ ಮಡಿಸಿಕೊಂಡು ಮೆಟ್ಟಿಲ ಕಡೆ ಹೊರಟಳು. ಅವನು ಹಿಂದೆಯೇ ಬಂದು, ಹತ್ತಿಸಲೆಂದು ಕೈ ಚಾಚಿದ.

"ಮೊದಲು ಬಾಯಿ ತೊಳ್ಕೊಂಡು ಬಾ" ಎಂದಳು ಅಕ್ಕ, ಕಂಬಿ ಹಿಡಿದು ಮೊದಲ ಮೆಟ್ಟಿಲು ಹತ್ತುತ್ತ.