ಚುಂಗ್‌ನನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು

ಸಿಲೋ ಊರಿನಲ್ಲಿ ಸೋಯಾ ಸಾಸ್ ಮಾಡುವ ಲಿಯಾವ್ ಮುದುಕನಿಗೆ ಒಂದು ಹಟವಿತ್ತು. ಬಿಸಿಲಲ್ಲಿ ಮಾಗಿದ ಗುಡಾಣದ ಮುಚ್ಚಳ ತೆಗೆದರೆ ಮೊದಲ ಚಮಚ ಎದುರು ಬೀದಿಯ ಚುಂಗ್‌ನ ನಾಲಿಗೆಗೇ ಹೋಗಬೇಕು. ಚುಂಗ್ ಕೂಡ ಸಾಸ್ ಮಾಡುವವನೇ. ಗಿರಾಕಿಗಳ ವಿಷಯ ಬಂದರೆ ಇಬ್ಬರೂ ಹಾವು ಮುಂಗುಸಿ. ಆದರೂ "ಹೆತ್ತವರಿಗೆ ಹೆಗ್ಗಣ ಮುದ್ದು, ನನ್ ಸಾಸ್‌ಗೆ ನಾನೇ ಮಾರ್ಕು ಹಾಕ್ಕೊಳ್ಳಕ್ಕಾಗತ್ತಾ?" ಎನ್ನುತ್ತಿದ್ದ ಲಿಯಾವ್.

ಈ ಸಲ ಚುಂಗ್ ಬರಲೇ ಇಲ್ಲ. ಅಂಗಡಿಗಳವರು ಫೋನ್ ಮೇಲೆ ಫೋನ್ ಮಾಡಿದರೂ ಲಿಯಾವ್ ಗುಡಾಣ ಮುಟ್ಟಲಿಲ್ಲ.

ಎಲ್ಲಕ್ಕೂ ಮೂಲ ಮಗಳು ಪೈ-ಯುನ್‌ಳ ಇಂಗ್ಲಿಷ್. ತೈಪೆಯ ಮೇಳಕ್ಕೆ ಬರುವ ವಿದೇಶಿ ವ್ಯಾಪಾರಿಗಳಿಗಾಗಿ ತಮ್ಮ ಸಾಸ್‌ನ, ಆ ಮೊದಲ ಚಮಚದ ಕಥೆ ಹೇಳುವ ಒಂದು ಪುಟ ಬರೆದವಳು ಅವಳೇ. ಒಂದು ಪದವನ್ನು ಮತ್ತೆ ಮತ್ತೆ ಬಳಸುವುದು ದರಿದ್ರ ಇಂಗ್ಲಿಷ್ ಎಂದು ಯಾವುದೋ ಕಾಲದಲ್ಲಿ ಮೇಷ್ಟ್ರು ಹೇಳಿದ್ದು ಅವಳಿಗೆ ವೇದವಾಕ್ಯ. ಪುಟದಲ್ಲಿ ಚುಂಗ್‌ನ ಪ್ರಸ್ತಾಪ ಹೆಜ್ಜೆಹೆಜ್ಜೆಗೂ ಬಂತು. ಮೊದಲು ಅವನು ಪ್ರತಿಸ್ಪರ್ಧಿಯಾದ, ಆಮೇಲೆ ಎದುರಾಳಿ. ಪದಗಳು ಮುಗಿದಾಗ ನಿಘಂಟು ತೆರೆದಳು. ವೈರಿಯಾದ, ಕೊನೆಗೆ ಶತ್ರುವೂ ಆದ. ಬರೆದದ್ದೆಲ್ಲ ಹೊಗಳಿಕೆಯೇ. 'ನಮ್ಮ ಶತ್ರುವಿನ ಸಾಸ್‌ಗಿರುವ ಪರಿಮಳ ಊರಲ್ಲಿ ಬೇರೆಲ್ಲೂ ಇಲ್ಲ' ಎಂದಿದ್ದಳು, ಪಾಪ! ಮೇಳದಲ್ಲಿ ಆ ಪುಟ ಚುಂಗ್‌ನ ಸೊಸೆಯ ಕೈಗೆ ಸಿಕ್ಕಿತು. ಅವಳು ಮಾವನಿಗೆ ಸಾಲುಸಾಲಿಗೂ ಅರ್ಥ ಹೇಳಿದಳು.

"ಅವನು ಬರದಿದ್ರೆ ಈ ಸಾಸ್ ಹಾಗೇ ಕೂತಿರ್ಲಿ," ಎಂದ ಲಿಯಾವ್. ಅಪ್ಪ ಅನ್ನವನ್ನೂ ಅರ್ಧಕ್ಕೇ ಬಿಟ್ಟು ಏಳುವುದನ್ನು ನೋಡಲಾರದೆ ಪೈ-ಯುನ್ ಬೀದಿ ದಾಟಿದಳು.

ಚುಂಗ್ ಟೀ ಬಗ್ಗಿಸುತ್ತಿದ್ದ. ಅವಳಿಗೊಂದು ಬಟ್ಟಲು ಇಟ್ಟ, ಮುಖ ಮಾತ್ರ ನೋಡಲಿಲ್ಲ.

"ದೊಡ್ಡಪ್ಪ, ಇಂಗ್ಲಿಷ್‌ನಲ್ಲಿ ಒಂದೇ ಪದ ಪದೇ ಪದೇ ಹೇಳಬಾರ್ದು. ಅದಕ್ಕೇ ಬೇರೆ ಬೇರೆ ಹಾಕ್ದೆ. ಅರ್ಥ ಎಲ್ಲಾ ಒಂದೇ."

"ಒಂದೇನಾ? ಶುರುನಲ್ಲಿ ಮನುಷ್ಯ ಆಗಿದ್ದೆ ಕಣಮ್ಮಾ, ಕೆಳಗಿಳಿಯೋ ಹೊತ್ತಿಗೆ ಕೊಲೆಗಡುಕ ಆಗ್ಬಿಟ್ನಲ್ಲ!" ಚುಂಗ್ ಟೀ ಪಾತ್ರೆ ಕುಕ್ಕಿದ. "ನಿಮ್ಮಪ್ಪ ನನ್ನ ಕಳ್ಳ ಅಂತಾನೆ, ಜಿಪುಣ ಅಂತಾನೆ. ಎದುರಿಗೇ ಅಂತಾನೆ, ನಗ್ತಾ ಅಂತಾನೆ. ಊರೆಲ್ಲಾ ಓದೋ ಹಾಗೆ ಶತ್ರು ಅಂದಿರ್ಲಿಲ್ಲ."

ಪೈ-ಯುನ್‌ಗೆ ಅಳು ಬಂತು. ಮನೆಗೆ ಬಂದು ಪುಟವನ್ನು ಹೊಸದಾಗಿ ಬರೆದಳು. ಮೇಷ್ಟ್ರು ಕಂಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಮಾರನೆಯ ಬೆಳಿಗ್ಗೆ ಅದನ್ನು ಚುಂಗ್‌ನ ಸೊಸೆಯ ಕೈಗಿಟ್ಟು, "ಜೋರಾಗಿ ಓದಕ್ಕಾ," ಎಂದಳು.

ಸೊಸೆ ಓದಿದಳು. ಚುಂಗ್‌ಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಗೋಡೆ ನೋಡುತ್ತ ಕೂತಿದ್ದ. ಮೊದಲ ಸಾಲಿನಲ್ಲಿ 'ಚುಂಗ್' ಕೇಳಿಸಿತು. ಎರಡನೆಯದರಲ್ಲೂ 'ಚುಂಗ್'. ಆಮೇಲೆ ಉಸಿರಿಗೊಮ್ಮೆ ಚುಂಗ್, ಚುಂಗ್. ಮುದುಕ ಮೆಲ್ಲಗೆ ಇತ್ತ ತಿರುಗಿದ.

"ಇದೇನೇ ಇದು, ಈ ಇಂಗ್ಲಿಷು ನಂಗೂ ತಿಳೀತಿದೆ!"

"ಹೇಳಿದ್ದೇ ಹೇಳಿದಾಳೆ ಮಾವ," ಸೊಸೆ ಮೂಗು ಮುರಿದಳು.

"ಹೇಳ್ಲಿ ಬಿಡೇ. ನೀನ್ ಇನ್ನೊಂದ್ಸಲ ಓದು."

ಅವಳು ಎರಡನೆಯ ಸಲ ಓದಿ ಮುಗಿಸುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದ.

ಲಿಯಾವ್ ಮುಚ್ಚಳ ತೆಗೆದು ಚಮಚ ಚಾಚಿದ. ಚುಂಗ್ ಚಪ್ಪರಿಸಿದ, ಕಣ್ಣು ಮುಚ್ಚಿದ, ಮುಖ ಕಿವಿಚಿದ.

"ಉಪ್ಪು ಜಾಸ್ತಿ ಕಣೋ, ಅಯೋಗ್ಯ."

"ಸದ್ಯ," ಎಂದ ಲಿಯಾವ್, ತೋಳಿಗೆ ಕಣ್ಣೊರೆಸಿಕೊಳ್ಳುತ್ತ. "ಬಂದ್ಯಲ್ಲ."