ನಟ್ಟು ಯಾವಾಗಲೂ ಒಳಗಡೆ

ಆ ಮನುಷ್ಯನನ್ನು ಪತ್ರಿಕೆಯವರು ‘ಗಡಿ ಹುಲಿ’ ಎಂದು ಕರೆಯುತ್ತಿದ್ದರು. ಹತ್ತಿರದಿಂದ ನೋಡದವರು ಏನು ಬೇಕಾದರೂ ಕರೆಯಬಹುದು. ಅವನ ಮನೆಯ ಅನ್ನದ ಜೊತೆ ಅವನ ಬೈಗುಳವನ್ನೂ ಉಂಡು ಬದುಕುತ್ತಿದ್ದ ಹೆಂಡತಿಯ ತಮ್ಮನಿಗೆ ಮಾತ್ರ, ಈ ಹುಲಿ ಜಿರಳೆ ಕಂಡರೆ ಮಂಚ ಹತ್ತುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಗಡಿಯುದ್ದಕ್ಕೂ ಉಕ್ಕಿನ ಬೇಲಿ ಹಾಕುವ ಗುತ್ತಿಗೆ ಹುಲಿಯದು. ಬಿಸಿಲಲ್ಲಿ ನಿಂತು ಕೆಲಸ ಮಾಡಿಸುವ ಕರ್ಮ ತಮ್ಮನದು. ಭಾವ ಎಲ್ಲರೆದುರು ‘ಏ ಭಾಮೈದ’ ಎಂದು ಕೂಗಿ ಕೂಗಿ, ಸೈಟಿನ ಆಳುಗಳಿಂದ ಹಿಡಿದು ಗಡಿ ಕಾವಲಿನವರ ತನಕ ಎಲ್ಲರಿಗೂ ಅವನು ಭಾಮೈದನೇ ಆಗಿಹೋಗಿದ್ದ. ಹೆತ್ತವರು ಇಟ್ಟ ಹೆಸರು ಅಕ್ಕನ ಬಾಯಲ್ಲಿ ಮಾತ್ರ ಉಳಿದಿತ್ತು.

ಇನ್ನು ಬೇಲಿ ಹಾಕುತ್ತಿದ್ದವರು ಯಾರು? ನಗಬೇಡಿ. ಬೇಲಿ ಯಾರನ್ನು ತಡೆಯಬೇಕಿತ್ತೋ ಅವರೇ. ಕಾಗದಪತ್ರವಿಲ್ಲದೆ ಗಡಿಯ ಆಚೆಯಿಂದ ಬಂದವರು. ಕಾದ ಕಬ್ಬಿಣ ಹೊರಲು ಈ ಕಡೆಯ ಗಂಡಸು ಎಂದು ಬಂದವನು ಒಬ್ಬನೇ. ಅವನೂ ಮಧ್ಯಾಹ್ನದ ಊಟ ಮುಗಿಸಿ, ಕೈ ತೊಳೆಯಲು ಹೋದವನು ನಾಪತ್ತೆಯಾದ. ಕಾಗದವಿಲ್ಲದವನಾದರೆ ರಜೆ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ, ಬೆರಳು ಜಜ್ಜಿಹೋದರೂ ದೂರು ಕೊಡಲು ಅವನಿಗೆ ಠಾಣೆಯಿಲ್ಲ. ಹುಲಿಗೆ ಇಂಥ ಜನ ಅಂದರೆ ಪ್ರಾಣ.

ಆ ಗುಂಪಿನ ಮುಂದಾಳು ಒಬ್ಬ ವೆಲ್ಡರ್. ಸದಾ ಬೆಳಕು ಸಿಡಿಸುತ್ತ ಕೂರುವ ಅವನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು. ಹೆಂಡತಿ ಸತ್ತು, ಪುಟ್ಟ ಮಗಳೊಬ್ಬಳೇ ಅವನಿಗೆ ಉಳಿದಿದ್ದಳು. ಸೈಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾಸ. ದಿನಾ ಬೆಳಿಗ್ಗೆ ಭಾಮೈದ ಆ ಹುಡುಗಿಯನ್ನು ಬೈಕಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಅವಳು ‘ಮಾಮಾ, ಜೋರಾಗಿ’ ಎನ್ನುತ್ತಿದ್ದಳು. ಅವನ ಬದುಕಿನಲ್ಲಿ ಗೌರವದಿಂದ ಕೇಳಿಬರುತ್ತಿದ್ದ ಮಾತು ಅದೊಂದೇ.

ಬೇಲಿ ಮುಗಿಯುವ ಹೊತ್ತಿಗೆ ಟಿವಿಯಲ್ಲಿ ಒಂದು ಚರ್ಚೆ ಏರ್ಪಾಟಾಯಿತು. ಒಂದು ಕಡೆ ಹುಲಿ, ಇನ್ನೊಂದು ಕಡೆ ಮಾನವೀಯತೆಯ ಬಗ್ಗೆ ಮಾತಾಡುವ ಮೇಡಂ. ಹಿಂದಿನ ಸಾಲಿನಲ್ಲಿ ಭಾವನ ಕೋಟು ಹಿಡಿದುಕೊಂಡು ಭಾಮೈದ ಕೂತಿದ್ದ.

“ಒಂದು ಸಲ ಆಚೆ ಹೋದವನು ಕಾಗದ ಇಲ್ಲದೆ ಈಚೆ ಕಾಲಿಡಬಾರದು! ನಮ್ಮಪ್ಪ ಬಂದು ಬೇಲಿ ಹತ್ರ ನಿಂತ್ಕೊಂಡು ಅತ್ರೂ ಬಿಡಬಾರದು!” ಎಂದು ಹುಲಿ ಮೇಜು ಕುಟ್ಟಿದ. “ನಮ್ಮ ನಟ್ಟು ಒಂದು ಸಲ ಬಿಗಿದ್ರೆ ಮುಗೀತು. ಹುಟ್ಟಿಸಿದವನಿಗೂ ಬಿಚ್ಚಕ್ಕಾಗಲ್ಲ!”

ಜನ ಚಪ್ಪಾಳೆ ತಟ್ಟಿದರು. ಹುಲಿಯ ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಬದುಕಿದ್ದಾಗಲೂ ಮಗನ ಮನೆಯೊಳಗೆ ಅವರಿಗೆ ಸಲೀಸಾಗಿ ಪ್ರವೇಶವಿರಲಿಲ್ಲ, ಆ ಮಾತು ಬೇರೆ.

ಮೇಡಂ ಕಣ್ಣಲ್ಲಿ ನೀರು ತಂದುಕೊಂಡು, “ಅವರೂ ಮನುಷ್ಯರಲ್ವಾ? ಅವರ ಬೆವರಿಗೆ ಬೆಲೆ ಇಲ್ವಾ?” ಎಂದು ಗದ್ಗದಿತರಾದರು. ಭಾಮೈದನ ಗಂಟಲೂ ಕಟ್ಟಿತು. ಕಾರ್ಯಕ್ರಮ ಮುಗಿದ ಮೇಲೆ ಅದೇ ಮೇಡಂ ಅವನನ್ನು ಪಕ್ಕಕ್ಕೆ ಕರೆದು, “ನಿಮ್ಮ ಸೈಟಲ್ಲಿ ಅಂಥವರು ಇದಾರಂತಲ್ಲಪ್ಪ? ಮನೆಗೆ ಬಣ್ಣ ಹೊಡಿಸ್ಬೇಕು. ಇಬ್ಬರನ್ನ ಕಳಿಸು. ಕಾಗದ ಇರೋರು ಬಾಯಿಗೆ ಬಂದಷ್ಟು ಕೇಳ್ತಾರೆ” ಎಂದರು. ಭಾಮೈದನ ಗಂಟಲು ಸರಿಹೋಯಿತು. ಬಾಯಿಬಡುಕನಿಗೂ ಈ ಅಳುಬುರುಕಿಗೂ ನಡುವೆ ಇದ್ದದ್ದು ಒಂದು ಮೇಜು ಮಾತ್ರ.

ವಾಪಸಾಗುವಾಗ ಕಾರಿನಲ್ಲಿ ಹುಲಿ ಬಹಳ ಖುಷಿಯಲ್ಲಿದ್ದ. “ನೋಡೋ, ಕೊನೇ ಗ್ರಿಲ್ಲು ಮಂತ್ರಿಗಳ ಎದುರು ಕೂರಿಸ್ತೀವಿ. ಕೆಲಸ ಮುಗೀತಲ್ಲ, ಇನ್ನು ಆ ದರಿದ್ರಗಳು ಯಾಕೆ ಬೇಕು? ಬೋಲ್ಟು ಹಿಡಿಯೋಕೆ ಅಂತ ಎಲ್ಲಾರನ್ನೂ ಆಚೆ ನಿಲ್ಸು. ಒಳಗಿಂದ ನಟ್ಟು ಬಿಗಿ. ಆಮೇಲೆ ಹೆಂಗೆ ಬರ್ತಾರೆ?”

ಭಾಮೈದನಿಗೆ ಅರ್ಥವಾಯಿತು. ಬೇಲಿ ಅಂದರೆ ಸರಳುಗಳ ಎತ್ತರದ ಗ್ರಿಲ್ಲುಗಳ ಸಾಲು. ಒಬ್ಬ ಆಚೆ ನಿಂತು ಬೋಲ್ಟು ತೂರಿಸಬೇಕು, ಇನ್ನೊಬ್ಬ ಈಚೆಯಿಂದ ನಟ್ಟು ಬಿಗಿಯಬೇಕು. ಆಚೆಯವರು ಬಿಚ್ಚಬಾರದಲ್ಲ, ಅದಕ್ಕೆ ನಟ್ಟು ಯಾವಾಗಲೂ ಒಳಗಡೆ. ಪೂರ್ತಿ ಬಿಗಿಯಾದೊಡನೆ ನಟ್ಟಿನ ತಲೆ ತಾನೇ ಮುರಿದು ಬೀಳುತ್ತದೆ. ಆಮೇಲೆ ಯಾವ ಸ್ಪ್ಯಾನರಿಗೂ ಅದು ಸಿಕ್ಕುವುದಿಲ್ಲ. ಆಚೆ ನಿಂತವನು ಪಕ್ಕದ ತೆರಪಿನಿಂದ ಒಳಗೆ ಬರುತ್ತಾನೆ. ಕೊನೆಯ ಗ್ರಿಲ್ಲಿಗೆ ಮಾತ್ರ ಪಕ್ಕದ ತೆರಪು ಇರುವುದಿಲ್ಲ. ಆಗ ಕ್ರೇನಿನ ಬುಟ್ಟಿಯಲ್ಲಿ ಎತ್ತಿ ತರಬೇಕು.

“ಕ್ರೇನಿದೆಯಲ್ಲ ಭಾವ.”

“ಬೆಳಿಗ್ಗೇನೇ ವಾಪಸ್ ಕಳಿಸ್ಬಿಡು. ಆಚೆ ಪೊಲೀಸರಿಗೂ ಹೇಳಿದೀನಿ. ಬೇಲಿ ಹತ್ರ ಯಾರು ಸಿಕ್ಕಿದ್ರೂ ವ್ಯಾನಿಗೆ ತುಂಬ್ಕೊಂಡು ದೂರ ಎಸೆದು ಬರ್ತಾರೆ.”

“ಕಿಡಿ ಮಗಳು ಇಲ್ಲಿ ಶಾಲೇಲಿರ್ತಾಳೆ.”

“ಅದಕ್ಕೆ?” ಎಂದ ಹುಲಿ, ಹಲ್ಲಿನ ಸಂದಿಯಿಂದ ಏನನ್ನೋ ಕೀಳುತ್ತ.

ಅಕ್ಕನ ಮುಖ ನೋಡಿ ಭಾಮೈದ ಇಷ್ಟು ದಿನ ಏನೆಲ್ಲ ನುಂಗಿದ್ದನೋ ಅದೆಲ್ಲ ಆ ‘ಅದಕ್ಕೆ’ಯಿಂದ ಗಂಟಲಿಗೆ ವಾಪಸು ಬಂತು. ಭಾವನ ಮೇಲೆ ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಮನುಷ್ಯರ ಮೇಲೆ ಬರುವಂಥದ್ದು. ಸೈಟಿಗೆ ಹೋದವನೇ ಕಿಡಿಯನ್ನು ಕರೆದು ಎಲ್ಲವನ್ನೂ ಹೇಳಿಬಿಟ್ಟ.

ಸಮಾರಂಭದ ದಿನ ಶಾಮಿಯಾನ, ಕುರ್ಚಿ, ಮೈಕು, ಮಂತ್ರಿ, ಕಾವಲು ಅಧಿಕಾರಿ, ಫೋಟೋದವರು ಎಲ್ಲರೂ ಬಂದರು. ಕ್ರೇನು ಅಪ್ಪಣೆಯಂತೆ ಬೆಳಿಗ್ಗೆಯೇ ಹೋಗಿತ್ತು. ಆಳುಗಳು ಇನ್ನೂ ಒಳಗೇ ಇರುವುದನ್ನು ಕಂಡು ಹುಲಿ ಕಣ್ಣು ಕೆಂಪಗೆ ಮಾಡಿದ.

ಭಾಮೈದ ಕಿವಿಯಲ್ಲಿ ಉಸುರಿದ: “ಅವರನ್ನ ಆಚೆ ನಿಲ್ಸಿದ್ರೆ ಫೋಟೋದಲ್ಲಿ ಅವರೇ ಬೀಳ್ತಾರೆ ಭಾವ. ನಾಳೆ ಪೇಪರಲ್ಲಿ ನಿಮ್ಮ ಬದಲು ಅವರ ಮೋರೆ ನೋಡ್ಬೇಕಾಗುತ್ತೆ. ಬಿಸಿಲು ಬೇರೆ ಆಚೆ ನಿಂತವರ ಮುಖಕ್ಕೇ ಬೀಳ್ತಿದೆ. ನೀವೇ ಆಚೆ ನಿಂತು ಬೋಲ್ಟು ಹಾಕಿದ್ರೆ, ಅಬ್ಬಾ, ಹುಲಿ ಥರ ಬರುತ್ತೆ.”

ಹುಲಿ ಕರಗಿಹೋದ. ಕೋಟು ಬಿಚ್ಚಿ ಭಾಮೈದನ ಕೈಗೆ ಎಸೆದು, ತೋಳು ಮಡಚಿಕೊಂಡು ಆಚೆ ಹೋಗಿ ನಿಂತ. ಜೀವನದಲ್ಲಿ ಮೊದಲ ಸಲ ಬೋಲ್ಟು ಮುಟ್ಟಿದ. ಆಳುಗಳು ಗ್ರಿಲ್ಲು ಎತ್ತಿ ಕೂರಿಸಿದರು. ಅವನು ಎದೆಯುಬ್ಬಿಸಿ, ಹೊಟ್ಟೆ ಒಳಗೆಳೆದು, ಒಂದೊಂದೇ ಬೋಲ್ಟು ತೂರಿಸಿ ಕ್ಯಾಮೆರಾದತ್ತ ಹಲ್ಲು ಕಿರಿದ. ಒಳಗೆ ಕಿಡಿ ನಟ್ಟು ತಿರುಗಿಸುವ ಗಾಳಿಯ ಗನ್ನು ಹಿಡಿದು ಟರ್ರೆಂದು ಬಿಗಿಯುತ್ತ ಹೋದ. ನಟ್ಟುಗಳ ತಲೆ ಒಂದೊಂದಾಗಿ ಮುರಿದು ನೆಲಕ್ಕೆ ಬಿದ್ದವು. ಕೊನೆಯದು ಬಿದ್ದಾಗ ಚಪ್ಪಾಳೆಯೋ ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಹುಲಿ ಎಡಕ್ಕೆ ನೋಡಿದ, ಬೇಲಿ. ಬಲಕ್ಕೆ ನೋಡಿದ, ಬೇಲಿ. ಎಲ್ಲವೂ ಅವನದೇ ಬೇಲಿ.

“ಬಿಚ್ರೋ ಇದನ್ನ!”

“ಬಿಚ್ಚಕ್ಕಾಗಲ್ಲ ಭಾವ. ಕತ್ತರಿಸಿದ್ರೆ ಮಂತ್ರಿಗಳ ಎದುರಿಗೇ ಬೇಲಿ ಮುರಿದಂಗಾಗುತ್ತೆ.”

ಹುಲಿ ಕಾವಲು ಅಧಿಕಾರಿಗೆ ಕೈ ಮುಗಿದ. ಆ ಅಧಿಕಾರಿ ತಲೆಯಿಂದ ಕಾಲಿನವರೆಗೆ ನಿಯಮವೇ ಆಗಿದ್ದ ಮನುಷ್ಯ. “ಗಡಿ ಠಾಣೆಯ ಮೂಲಕ ಬನ್ನಿ ಸಾರ್. ಹೊರಗೆ ಹೋಗಿದ್ದಕ್ಕೆ ಮುದ್ರೆ ಇದೆಯಾ?”

“ನಾನು ಹೊರಗೆ ಹೋಗೇ ಇಲ್ಲ ಕಣ್ರೀ!”

“ಹೋಗಿಲ್ಲ ಅಂದ್ರೆ ವಾಪಸ್ ಬರೋದು ಹೇಗೆ ಸಾರ್? ಅಪ್ಪ ಬಂದು ಅತ್ರೂ ಬಿಡಬಾರದು ಅಂತ ತಾವೇ ಟಿವೀಲಿ ಹೇಳಿದ್ರಿ. ನಮ್ಮ ಮನೇಲೂ ಎಲ್ಲಾರೂ ಮೆಚ್ಕೊಂಡ್ರು.”

ಮಂತ್ರಿಗೆ ಮುಂದಿನ ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. ಅವನು ಸರಳುಗಳ ಸಂದಿಯಿಂದ ಹುಲಿಯ ಬೆರಳು ಕುಲುಕಿ, “ಒಳ್ಳೇ ಗಟ್ಟಿ ಕೆಲಸ” ಎಂದು ಹೊಗಳಿ ಕಾರು ಹತ್ತಿದ. ಅಧಿಕಾರಿಯೂ ಫೋಟೋದವರೂ ಹಿಂದೆಯೇ ಹೋದರು. ಖಾಲಿ ಕುರ್ಚಿಗಳು ಉಳಿದವು.

ಆಗ ದೂರದಲ್ಲಿ, ಆಚೆಯ ರಸ್ತೆಯಲ್ಲಿ, ಧೂಳು ಎದ್ದಿತು. ವ್ಯಾನು.

ಹುಲಿಗೆ ಅದು ಯಾರು ಕರೆಸಿದ ವ್ಯಾನು ಎಂದು ಹೊಳೆಯಿತು. ಸರಳು ಹಿಡಿದು ಅಲ್ಲಾಡಿಸಿದ. ಅಲ್ಲಾಡಲಿಲ್ಲ. “ಭಾಮೈದ, ನಿಮ್ಮಕ್ಕನ ಮುಖ ನೋಡೋ! ಏನಾದ್ರೂ ಮಾಡೋ!” ಎಂದು ಗೋಳಿಟ್ಟ.

ಭಾಮೈದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ. ಮಾಡುವುದಕ್ಕೆ ಅವನಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಾಡುತ್ತಿರಲಿಲ್ಲ.

ಮಾತಾಡಿದವನು ಕಿಡಿ. “ಪಾಪ, ಆ ವ್ಯಾನಿನವರು ತುಂಬಾ ಹೊಡೀತಾರೆ ಅಣ್ಣಾ. ನಾನು ತಿಂದಿದೀನಿ.” ಆಮೇಲೆ ಸರಳಿನ ಹತ್ತಿರ ಬಾಗಿ ಹುಲಿಗೆ ಹೇಳಿದ: “ಸಾರ್, ಆ ಪೊದೆ ಹಿಂದೆ ಮಳೆನೀರಿನ ಮೋರಿ ಇದೆ. ಬಗ್ಗಿ ಬನ್ನಿ. ಬೇಲಿಗಿಂತ ಮುಂಚಿಂದಲೂ ಅದೇ ದಾರಿ. ನಾವೆಲ್ಲಾ ಬಂದಿದ್ದು ಅಲ್ಲಿಂದಾನೇ.”

ಆ ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಬೇಕೆಂದು ಗುತ್ತಿಗೆಯಲ್ಲೇ ಇತ್ತು. ಆ ಜಾಲರಿ ಈಗ ಹುಲಿಯ ಮನೆಯ ಕಾರ್‌ಶೆಡ್ಡಿನ ಬಾಗಿಲಾಗಿತ್ತು.

ಹುಲಿ ನಾಲ್ಕು ಕಾಲಿನ ಪ್ರಾಣಿ ಎಂಬುದು ಅವತ್ತು ಸಾಬೀತಾಯಿತು. ಮೋರಿಯೊಳಗಿಂದ ಮೊದಲು ಏದುಸಿರು ಬಂತು, ಆಮೇಲೆ ಕೊಚ್ಚೆ ಮೆತ್ತಿದ ಬೋಳು ತಲೆ ಬಂತು, ಹೊಟ್ಟೆ ಮಾತ್ರ ಬರಲಿಲ್ಲ. ಕಿಡಿ ಮಂಡಿಯೂರಿ, ಅವನ ಎರಡೂ ಕೈ ಹಿಡಿದು ದಮ್ಮು ಕಟ್ಟಿ ಎಳೆದ. ವ್ಯಾನು ಆಚೆ ಬಂದು ನಿಂತು, ಯಾರೂ ಕಾಣದೆ ಹಾರ್ನು ಹೊಡೆದು ಹೋಯಿತು.

ಹುಲಿ ಎದ್ದು ನಿಂತ. ಬಾಯಲ್ಲಿದ್ದ ಕೆಸರು ಉಗುಳಿದ. ಕಿಡಿಗೆ ಒಂದು ಮಾತೂ ಹೇಳಲಿಲ್ಲ.

“ಭಾಮೈದ, ನೀನು ನಾಳೆಯಿಂದ ಬರಬೇಡ. ಮನೆಗೂ ಬರಬೇಡ” ಎಂದ. ಆಮೇಲೆ ಮೋರಿಯತ್ತ ತಿರುಗಿ ನೋಡಿದ. “ನಮ್ಮ ಕಣ್ಣೆದುರೇ ಇಂಥ ದೊಡ್ಡ ತೂತು! ದೇಶದ ಗತಿಯೇನು? ಇದನ್ನ ಇವತ್ತೇ ಮುಚ್ಚಿಸ್ಬೇಕು.”

“ಯಾರ ಕೈಲಿ ಮುಚ್ಚಿಸ್ತೀರ ಭಾವ?” ಎಂದ ಭಾಮೈದ, ಕೋಟನ್ನು ಅದೇ ಕೊಚ್ಚೆಗೆ ಬಿಟ್ಟು.

ಹುಲಿ ಸುತ್ತ ನೋಡಿದ. ವ್ಯಾನು ಕಂಡಾಗಲೇ ಮಿಕ್ಕ ಆಳುಗಳು ಜಾಗ ಖಾಲಿ ಮಾಡಿದ್ದರು; ಕೆಲಸ ಬಲ್ಲವನು ಅಲ್ಲಿ ಒಬ್ಬನೇ ಇದ್ದ. ನಾಚಿಕೆಯ ಸುಳಿವೂ ಇಲ್ಲದೆ ಹುಲಿಯ ಕಣ್ಣು ಅವನ ಮೇಲೆ ಹೋಗಿ ನಿಂತಿತು.

ಕಿಡಿ ಕೈಗೆ ಮೆತ್ತಿದ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡ. ಮಗಳ ಶಾಲೆ ಬಿಡುವ ಹೊತ್ತಾಗಿತ್ತು. ಬೈಕು ಶುರುಮಾಡುವಂತೆ ಭಾಮೈದನಿಗೆ ಸನ್ನೆ ಮಾಡಿದ.

“ಮುಚ್ತೀನಿ ಸಾರ್,” ಎಂದ. “ಒಳಗಡೆ ನಿಂತ್ಕೊಂಡು ಮುಚ್ತೀನಿ. ಆಚೆ ಹಿಡ್ಕೊಳ್ಳೋಕೆ ನೀವು ಬನ್ನಿ.”